ಬೈಗುಳಕ್ಕೆ ಕಿವಿಗೊಟ್ಟ ಯಂತ್ರ

ಬೈರೇಶನಿಗೆ ಎರಡು ಹಸು, ಒಂದು ಫೋನು, ಸಾವಿರ ಅಭಿಪ್ರಾಯ. ಸೂಲಿಬೆಲೆ ಪಕ್ಕದ ನಮ್ಮೂರ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು, ಶಶಿರೇಖಾ. ಬೆಳಗಾದರೆ ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರಿಗೆಲ್ಲ ಅವನು ಕಂಪ್ಯೂಟರ್ ಲೋಕದ ಸುದ್ದಿ ಹೇಳಿ, ಮೇಲೆ ತನ್ನ ತೀರ್ಪನ್ನೂ ಕೊಡುತ್ತಾನೆ. ಹೊಸ ಫೋನು ಬಂದರೆ, "ಹೋದ್ ವರ್ಷದ್ದಕ್ಕೇ ಬಣ್ಣ ಬಳ್ದವ್ರೆ ಕಣಕ್ಕಾ, ತಗೋಬೇಡಿ" ಎನ್ನುತ್ತಾನೆ. ಯಾವುದೋ ಕಂಪನಿ ತನ್ನ ಎಐ ಮನುಷ್ಯರನ್ನೂ ಮೀರಿಸುತ್ತದೆ ಎಂದು ಕೊಚ್ಚಿಕೊಂಡರೆ, "ಮೊದ್ಲು ನಮ್ಮೂರ್ಗೆ ಬಂದು ಒಂದು ಹಸ ಕರೀಲಿ" ಎನ್ನುತ್ತಾನೆ. ಬೆಳ್ಳಂಬೆಳಗ್ಗೆ ತಲೆ ತಿನ್ನಬೇಡ ಎಂದು ನಾನು ಗದರಿದ್ದಕ್ಕೆ ಲೆಕ್ಕವಿಲ್ಲ. ಹಾಗೆಂದು ಅವನು ಬಾರದ ದಿನ ಸಾಲು ಸಪ್ಪೆ ಎನ್ನುವುದೂ ಸುಳ್ಳಲ್ಲ.

ಕಳೆದ ಬೇಸಿಗೆಯಲ್ಲಿ ತಾನು ತಂದ ಸುದ್ದಿಗೆ ಅವನೇ ಮರುಳಾಗಿದ್ದ. ಕನ್ನಡದಲ್ಲಿ ಆಡಿದ್ದನ್ನು ಅಕ್ಷರದಲ್ಲಿ ಬರೆದುಕೊಡುವ ಪ್ರೋಗ್ರಾಮೊಂದನ್ನು ಯಾರೋ ಕೆಲವರು ಸೇರಿ ಮಾಡಿ, ಒಳಗಿನ ಗುಟ್ಟನ್ನೆಲ್ಲ ಬಿಚ್ಚಿಟ್ಟು, ಬೇಕಾದವರು ತಿದ್ದಿಕೊಳ್ಳಿ ಎಂದು ಪುಕ್ಕಟೆ ಬಿಟ್ಟಿದ್ದರಂತೆ.

"ಇಂಥವ್ರಿಂದಾನೇ ಇಂಟರ್ನೆಟ್‌ಗೆ ಇನ್ನೂ ಮರ್ಯಾದೆ ಉಳ್ಕೊಂಡೈತೆ. ಮಿಕ್ಕಿದ್ದೆಲ್ಲ ಬರೀ ಸಂತೆ," ಎಂದ.

ಅವನ ಮನಸ್ಸಿನಲ್ಲಿದ್ದದ್ದು ಅಮ್ಮಯಮ್ಮ. ಓದು ಬರಹ ಬಾರದ, ಕೆಂಪಿ ಎಂಬ ಒಂದೇ ಹಸುವನ್ನು ನಂಬಿಕೊಂಡ ಹೆಂಗಸು. ನಮ್ಮ ಭಾಗದ ಪಶುವೈದ್ಯರು ಹಳ್ಳಿಯಿಂದ ಹಳ್ಳಿಗೆ ಬೈಕಿನಲ್ಲಿ ಓಡಾಡುವವರು. ಅವರಿಗೆ ಫೋನೆತ್ತಲು ಪುರುಸೊತ್ತಿಲ್ಲ, ಧ್ವನಿ ಕಳಿಸಿದರೆ ಕೇಳಲೂ ಆಗುವುದಿಲ್ಲ. ಬರೆದು ಕಳಿಸಿದ್ದನ್ನು ಓದಿ, ಯಾವ ಹಸು ಮೊದಲು ಎಂದು ತೀರ್ಮಾನಿಸುತ್ತಾರೆ. ಹಿಂದಿನ ವರ್ಷ ಅಮ್ಮಯಮ್ಮನ ಕರು ಹೊಟ್ಟೆಯುಬ್ಬರದಿಂದ ನರಳುವಾಗ ಅವಳು ಹೇಳಿದ್ದು ಅಷ್ಟುದ್ದ, ಪಕ್ಕದ ಮನೆಯವರು ಅವಸರದಲ್ಲಿ ಬರೆದದ್ದು "ಕರುವಿಗೆ ಹುಷಾರಿಲ್ಲ" ಎಂದಷ್ಟೇ. ವೈದ್ಯರು ಬರುವ ಹೊತ್ತಿಗೆ ಕರು ಸತ್ತಿತ್ತು. ಕೆಂಪಿಗೂ ಹೀಗೇ ಆದರೆ ಏನು ಗತಿ ಎಂದು ಅವಳು ಡೇರಿಯ ಜಗಲಿಯ ಮೇಲೆ ಕೂತು ಅತ್ತದ್ದನ್ನು ನಾವೆಲ್ಲ ನೋಡಿದ್ದೆವು.

ಬೈರೇಶ ಅವಳ ಮುಂದೆ ಫೋನು ಹಿಡಿದು ಮಾತಾಡಿಸಿದ. ಪರದೆಯ ಮೇಲೆ ಮೂಡಿದ್ದು ಯಾರ ಭಾಷೆಯೂ ಅಲ್ಲ. ಸಾಲಿಗೆ ಸಾಲೇ ನಕ್ಕಿತು.

"ಅದ್ಕೆ ನಮ್ ಕಡೆ ಮಾತು ಗೊತ್ತಿಲ್ಲ, ಕಲಿಸ್ಬೇಕು. ಎಲ್ರೂ ಒಂದೀಟು ಮಾತಾಡ್‌ಕೊಡಿ," ಎಂದ ಬೈರೇಶ.

ಕೊಟ್ಟರು. ಆದರೆ ಫೋನು ಬಾಯಿಯ ಮುಂದೆ ಬಂದದ್ದೇ ತಡ, ಎಲ್ಲರೂ ಸಭೆಯಲ್ಲಿ ಮೈಕು ಸಿಕ್ಕವರಂತಾದರು. ಹುಟ್ಟಿದಾಗಿನಿಂದ "ಐತೆ" ಎಂದವರು "ಇರುತ್ತದೆ" ಎಂದರು. ಮುನಿವೆಂಕಟಪ್ಪನವರಂತೂ ಅಂಗಿಯ ಗುಂಡಿ ಹಾಕಿಕೊಂಡು, "ಮಾನ್ಯರೇ, ನನ್ನ ಎಮ್ಮೆಯು ಆರೋಗ್ಯವಾಗಿದೆ" ಎಂದರು. ಯಂತ್ರ ಅದನ್ನೆಲ್ಲ ಮುತ್ತಿನಂತೆ ಬರೆಯಿತು. ಅಮ್ಮಯಮ್ಮ ಬಾಯಿ ಬಿಟ್ಟರೆ ಮತ್ತೆ ಅದೇ ಗೋಜಲು. ಬೈರೇಶನ ಮುಖ ಸಣ್ಣದಾಯಿತು.

ಅದೇ ಹೊತ್ತಿಗೆ ಹಾಲಿನ ಜಿಡ್ಡಿನ ಅಂಶ ಕಡಿಮೆ ಬಂತೆಂದು ಅದೇ ಮುನಿವೆಂಕಟಪ್ಪ ನನ್ನ ಮೇಲೆ ಎಗರಿದರು. "ಏನಮ್ಮೋ, ನಿನ್ ಮಿಷನ್ ಕೆಟ್ಟೈತೋ ಇಲ್ಲಾ ನಿನ್ ಕಣ್ ಕೆಟ್ಟೈತೋ? ನಮ್ಮೆಮ್ಮೆ ಏನ್ ನೀರ್ ಕರೀತೈತಾ?"

ಬೈರೇಶ ತಟ್ಟನೆ ತಲೆಯೆತ್ತಿ, "ಇದೇ ಕಣಕ್ಕಾ ನಮ್ ಮಾತು!" ಎಂದ. ಮರುದಿನವೇ ಎಲ್ಲರನ್ನೂ ಕೇಳಿ, ಒಪ್ಪಿಸಿ, ಮಾತು ಹಿಡಿದಿಡಲು ನನ್ನ ಹಾಲು ಪರೀಕ್ಷೆಯ ಯಂತ್ರದ ಮೇಲಿನ ಗೋಡೆಗೆ ಹಳೆಯ ಫೋನೊಂದನ್ನು ಅಂಟಿಸಿದ. ಮೊದಮೊದಲು ಜನ ಹುಷಾರಾಗಿಯೇ ಇದ್ದರು. ಆದರೆ ಜಿಡ್ಡು ಇಳಿದು ದುಡ್ಡು ಕಡಿಮೆಯಾದ ಮೇಲೆ ನಾಲಿಗೆಗೆ ಕಡಿವಾಣ ಹಾಕುವವರು ಯಾರು? ಮಳೆಗಾಲ ಮುಗಿಯುವವರೆಗೆ ನಾನು ಬೈಸಿಕೊಂಡೆ. ಆ ಬೈಗುಳವನ್ನೆಲ್ಲ ಅವನು ಮತ್ತೆ ಮತ್ತೆ ಕೇಳಿ, ಅಕ್ಷರ ಬಿಡದೆ ಬರೆದು, ಆ ಬರೆಯುವ ಯಂತ್ರಕ್ಕೆ ಉಣಿಸಿದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹೇಳುತ್ತೇನೆ, ಇನ್ನೊಬ್ಬರ ಹಸುವಿಗಾಗಿ ಇಷ್ಟು ಒದ್ದಾಡುವವನನ್ನು ನಾನು ಬೇರೆ ಕಂಡಿಲ್ಲ. ಆ ದಿನಗಳಲ್ಲಿ ಅವನ ಮೇಲೆ ಬಂದ ಅಭಿಮಾನ ಇವತ್ತಿಗೂ ಇಳಿದಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮಯಮ್ಮ ಕ್ಯಾನಿಲ್ಲದೆ ಓಡಿಬಂದಳು. ಯಾರಾದರೂ ಬರೆದುಕೊಡಿ ಎಂದು ಫೋನು ಚಾಚಿದಳು. ಬೈರೇಶ ಆಗಲೇ ಅದರಲ್ಲಿ ಪ್ರೋಗ್ರಾಮು ಹಾಕಿಕೊಟ್ಟಿದ್ದ.

"ನಾವ್ ಯಾರೂ ಬರ್ಯಲ್ಲ. ನೀನೇ ಹೇಳು," ಎಂದ.

"ಕೆಂಪಿ ರಾತ್ರಿಯಿಂದ ಮೇವು ಮೂಸಿಲ್ಲ, ಮೆಲುಕು ಹಾಕ್ತಿಲ್ಲ. ಎಡಗಡೆ ಹೊಟ್ಟೆ ಊದ್ಕೊಂಡೈತೆ, ಬಡುದ್ರೆ ತಮಟೆ ಹಂಗೆ ಸದ್ದು ಬರ್ತೈತೆ. ಬಿರ್ನೆ ಬಾಪ್ಪಾ," ಎಂದಳು.

ಪರದೆಯ ಮೇಲೆ ಅಷ್ಟೂ ಮೂಡಿತು. "ಬಿರ್ನೆ ಬಾಪ್ಪಾ" ಕೂಡ. ಬೈರೇಶ ತೋರಿಸಿದ ಗುಂಡಿ ಒತ್ತಿ ಅವಳೇ ಅದನ್ನು ವೈದ್ಯರಿಗೆ ಕಳಿಸಿದಳು.

ಸ್ವಲ್ಪದರಲ್ಲೇ ಬಂದ ಉತ್ತರವನ್ನು ಫೋನು ಗಟ್ಟಿಯಾಗಿ ಓದಿತು. "ಅಮ್ಮಯಮ್ಮನವರೇ, ನಿಮ್ಮಲ್ಲಿಗೇ ಮೊದಲು ಹೊರಟೆ. ಹಸು ನಿಂತಿದೆಯೋ, ಮಲಗಿದೆಯೋ?"

"ನಿಂತೈತೆ ತಾನೆ? ಹಾಕ್ತೀನಿ ತಡಿ," ಎಂದು ಬೈರೇಶ ಕೈ ಚಾಚಿದ.

ಅಮ್ಮಯಮ್ಮ ಫೋನನ್ನು ಎದೆಗೆ ಒತ್ತಿಕೊಂಡಳು. "ಸರ್ಕೊಳೋ ಅತ್ಲಾಗೆ. ಡಾಕ್ಟ್ರು ಕೇಳ್ತಿರೋದು ನನ್ನ," ಎಂದಳು.