ಮೂರನೇ ಕಂಬದ ಉಸುಕು

2019ರ ಆಗಸ್ಟ್ 20, ಬೆಳಗ್ಗೆ 7.20. ಸಿದ್ದನವಾಡ ಸೇತುವೆಯ ಮೇಲಿಂದ ಕೃಷ್ಣೆಯ ನೀರು ಇಳಿದು ಐದು ದಿನವಾಗಿತ್ತು; ಸೇತುವೆ ಇನ್ನೂ ಮುಚ್ಚಿತ್ತು.

ತೆರೆಯಬೇಕೋ ಬೇಡವೋ ಎಂದು ಅಂದು ಹೇಳಬೇಕಾದವರು ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಜಯಪಾಲ ಚೌಗಲೆ. ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳ ಮೇಲೆ ಮೂವತ್ಮೂರು ವರ್ಷ ಕಳೆದವರು. ಸಿದ್ದನವಾಡದ ಜನ ತಮ್ಮ ನಾನೂರಕ್ಕೂ ಹೆಚ್ಚು ಎಮ್ಮೆಗಳೊಂದಿಗೆ ಅಂಕಲಿ ಕಡೆಯ ದಂಡೆಯ ಪರಿಹಾರ ಕೇಂದ್ರದಲ್ಲಿದ್ದರು. ಅಲ್ಲಿ ಮೇವು ಹಿಂದಿನ ದಿನವೇ ಮುಗಿದಿತ್ತು. ಅವರ ಬಣವೆಗಳು ಹೊಳೆಯಾಚೆ, ದಿಬ್ಬದ ಮೇಲೆ ಒಣಗಿಯೇ ಇದ್ದವು. ಬಳಸುದಾರಿ ಎರಡು ಕಡೆ ಕೊಚ್ಚಿಹೋಗಿತ್ತು.

"ಇನ್ನೂ ಬರ‍್ಯಾಕತ್ತೀರೇನ್ರಿ ಸಾಹೇಬ್ರ?" ಪಂಚಾಯ್ತಿ ಸದಸ್ಯ ಬಾಪುಸಾಹೇಬ ಕೇಳಿದ. "ಕಾಗದಾ ತಿನ್ನಾಕ ನಮ್ಮ ಎಮ್ಮಿ ಇನ್ನೂ ಕಲತಿಲ್ರಿ."

ಜಯಪಾಲ ಬರೆಯುತ್ತಿದ್ದ ಅಳತೆ ಪುಸ್ತಕ ಮುಚ್ಚಿ ಸತ್ತೆಪ್ಪನ ದೋಣಿ ಹತ್ತಿದರು. ಸತ್ತೆಪ್ಪನಿಗೆ ಎಪ್ಪತ್ತು ದಾಟಿತ್ತು. ಸೇತುವೆ ಬರುವ ಮೊದಲು ಅದೇ ಜಾಗದಲ್ಲಿ ಜನರನ್ನು ದಾಟಿಸುತ್ತಿದ್ದವನು. ಜೊತೆಗೆ ಕಿರಿಯ ಎಂಜಿನಿಯರ್ ತ್ರಿಶಲಾ ಇದ್ದಳು. ಪ್ರತಿ ಕಂಬದ ಬುಡದಲ್ಲೂ ಅವಳು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡು ಇಳಿಬಿಟ್ಟು, ಕಂಬದ ಮೇಲಿನ ಕಾಯಂ ಗುರುತಿನಿಂದ ತಳದವರೆಗಿನ ಆಳ ಅಳೆದಳು. ಹೊಳೆಯ ಸೆಳೆತ ಹೆಚ್ಚಿರುವುದು ಮೂರನೇ ಕಂಬಕ್ಕೆ. ಅಲ್ಲಿ ಹಗ್ಗ ನೋಡಿ ಹೇಳಿದಳು:

"ಹನ್ನೆರಡು ಅಡಿ, ಸರ್. ಮಳಿಗಾಲಕ್ಕ ಮೊದಲ ಇದ್ದಷ್ಟ ಐತ್ರಿ. ತಳಾ ಕದಲಿಲ್ಲ."

ಜಯಪಾಲ ತಲೆಯಾಡಿಸಿ ಪೆನ್ನು ತೆಗೆದರು.

"ಬಾಯಾರ, ಅದು ತಳಾ ಅಲ್ರಿ," ಎಂದ ಸತ್ತೆಪ್ಪ, ತ್ರಿಶಲಾ ಕಡೆ ತಿರುಗಿ. "ಮೊನ್ನಿ ಬಂದು ಕುಂತ ಉಸುಕರಿ ಅದು. ಹೊಳಿ ಏರುವಾಗ ಅಗೀತೈತಿ, ಇಳಿಯುವಾಗ ಮುಚ್ಚಿ ಹೋಗತೈತಿ."

"ನಿನಗ ಹ್ಯಾಂಗ ಗೊತ್ತು?" ಜಯಪಾಲ ಕೇಳಿದರು.

"ದೋಣಿ ನಿಲ್ಲಸಾಕ ಗಳಾ ಊರತೀವಲ್ರಿ. ಹಳೀ ಉಸುಕು ಗಳಾ ಹಿಡೀತೈತಿ. ಹೊಸಾದು ನುಂಗತೈತಿ."

ಅವನು ಎರಡು ಬಿದಿರಿನ ಗಳಗಳನ್ನು ಹಗ್ಗದಿಂದ ಬಿಗಿದು ಒಂದು ಮಾಡಿದ. ಮೊದಲು ದಂಡೆಯ ಹತ್ತಿರ ಊರಿ ತೋರಿಸಿದ: ಗಳ ಒಂದು ಗೇಣು ಇಳಿದು ನಿಂತಿತು. ಮೂರನೇ ಕಂಬದ ಬುಡಕ್ಕೆ ಬಂದು ಊರಿದಾಗ ಹನ್ನೆರಡು ಅಡಿಯಲ್ಲಿ ತಳ ತಾಗಿತು. ಸತ್ತೆಪ್ಪ ಮೈಭಾರ ಹಾಕಿದ. ಗಳ ಇಳಿಯಿತು, ಇಳಿಯುತ್ತಲೇ ಹೋಯಿತು. ಗಟ್ಟಿ ನೆಲ ಸಿಕ್ಕಾಗ ತ್ರಿಶಲಾ ಕಂಬದ ಗುರುತಿನ ಮಟ್ಟಕ್ಕೆ ಗಳದ ಮೇಲೆ ಗೀಟು ಹಾಕಿ, ಎಳೆದು ಅಳೆದಳು: ಇಪ್ಪತ್ತಾರು ಅಡಿ.

ನೆರೆಯ ದಿನಗಳಲ್ಲಿ ಹೊಳೆ ಆ ಕಂಬದ ಸುತ್ತ ಹದಿನಾಲ್ಕು ಅಡಿ ಆಳಕ್ಕೆ ಅಗೆದಿತ್ತು. ಇಳಿಯುವಾಗ ಅಷ್ಟನ್ನೂ ಮತ್ತೆ ಸಡಿಲ ಮರಳಿನಿಂದ ತುಂಬಿ, ತಳವನ್ನು ಮೊದಲಿನಷ್ಟೇ ಸಮ ಮಾಡಿ ಹೋಗಿತ್ತು. ನೆರೆಯಲ್ಲಿ ತಳ ಎಷ್ಟು ಸವೆಯುತ್ತದೆ ಎಂಬ ಲೆಕ್ಕವನ್ನು ಜಯಪಾಲ ಹತ್ತಾರು ಸೇತುವೆಗಳಿಗೆ ಹಾಕಿದ್ದರು. ಅದು ನಡೆದದ್ದನ್ನು ಕೈಯಳತೆಯಲ್ಲಿ ಕಂಡದ್ದು ಇದೇ ಮೊದಲು. ಅವರು ಗಳವನ್ನು ಹಿಡಿದು ತಾವೇ ಮತ್ತೊಮ್ಮೆ ಒತ್ತಿ ನೋಡಿದರು. ಮೊಸರಿನಲ್ಲಿ ಚಮಚ ಇಳಿದಂತೆ ಇಳಿಯಿತು.

"2005ರ ನೆರಿಯಾಗೂ ನಾನ ಅಳದಿದ್ದೆ, ತ್ರಿಶಲಾ," ಎಂದರು. "ಇದ ಗುಂಡು, ಇದ ಹನ್ನೆರಡು ಅಡಿ. ಮಾರನೇ ದಿನಾನ ಲಾರಿ ಬಿಟ್ಟಿದ್ದೆ."

"ಆಗ ನೀವು ಕೇಳಲಿಲ್ರಿ, ನಾನೂ ಹೇಳಲಿಲ್ಲ," ಎಂದ ಸತ್ತೆಪ್ಪ.

ಕಂಬದ ಅಡಿಪಾಯ ಹಳೆಯ ತಳದಿಂದ ಇಪ್ಪತ್ನಾಲ್ಕು ಅಡಿ ಕೆಳಗಿತ್ತು. ಈಗ ಗಟ್ಟಿ ನೆಲದ ಹಿಡಿತ ಉಳಿದದ್ದು ಹತ್ತು ಅಡಿ. ಜಯಪಾಲ ದೋಣಿಯಲ್ಲೇ ಕುಳಿತು ಎರಡು ಸಲ ಲೆಕ್ಕ ಹಾಕಿದರು. ಲಾರಿ, ಬಸ್ಸಿಗೆ ಆಗದು. ದನಗಳಿಗೆ ಆಗಬಹುದು, ಹತ್ತು ಹತ್ತರಂತೆ ಬಿಟ್ಟರೆ.

"ಆಗಬಹುದು ಅಂದರ?" ದಂಡೆಯಲ್ಲಿ ಬಾಪುಸಾಹೇಬ ಕೇಳಿದ. "ನಮ್ಮ ಎಮ್ಮಿ ಮ್ಯಾಲ ಪರೀಕ್ಷಾ ಮಾಡ್ತೀರೇನು?"

"ಎಲ್ಲಾ ದಾಟೂತನಕ ನಾನು ಆ ಕಂಬದ ಬುಡಕ್ಕ ದೋಣಿಯಾಗ ಇರತೀನಿ. ಕಂಬ ವಾಲಿದರ ಮೊದಲ ನನ್ನ ಮ್ಯಾಲ ಬರತೈತಿ."

ಬಾಪುಸಾಹೇಬ ಅವರನ್ನೇ ನೋಡಿದ. "ಹಂಗಂದ್ರ ನಮ್ಮನಿ ಎಮ್ಮಿ ಮೊದಲ ಹೋಗ್ಲಿ," ಎಂದು ಹಗ್ಗ ಹಿಡಿದ.

ತ್ರಿಶಲಾ ಕಂಬದ ತಲೆಯಿಂದ ಗೌಂಡಿಯ ತೂಗುಗುಂಡು ಇಳಿಬಿಟ್ಟು, ಅದರ ದಾರದ ನೇರಕ್ಕೆ ಕಂಬದ ಮೇಲೆ ಗೀಟು ಎಳೆದಳು; ಕಂಬ ವಾಲಿದರೆ ದಾರ ಗೀಟಿನಿಂದ ಸರಿಯುತ್ತಿತ್ತು. ಜಯಪಾಲ ದೋಣಿಯಲ್ಲಿ ನಿಂತು ಆ ಗೀಟಿನಿಂದ ಕಣ್ಣು ಕೀಳಲಿಲ್ಲ. ತಲೆಯ ಮೇಲೆ ಗೊರಸುಗಳ ಸದ್ದು ಕಾಂಕ್ರೀಟಿನೊಳಗಿಂದ ಇಳಿದು ಬರುತ್ತಿತ್ತು. ಕಂಬಕ್ಕೆ ಅಂಗೈ ಒತ್ತಿದರೆ ಅದು ನಡುಗುವುದು ತಿಳಿಯುತ್ತಿತ್ತು. ನಡುಗಿ ನಿಲ್ಲುತ್ತಿತ್ತು. ದಾರ ಗೀಟು ಬಿಡಲಿಲ್ಲ.

ಸಂಜೆ 5.40ರ ಹೊತ್ತಿಗೆ 412 ಎಮ್ಮೆಗಳು ದಾಟಿದವು. ಲಾರಿ, ಬಸ್ಸುಗಳಿಗೆ ಸೇತುವೆ ಮುಂದಿನ ಹನ್ನೊಂದು ತಿಂಗಳು ಮುಚ್ಚಿಯೇ ಇತ್ತು.