ಕಟ್ಟಿಹಾಕಿದ ಬ್ರೇಕರ್

ಹೇಸಿಗೆಯಲ್ಲೂ ತರಾವರಿ ಇದೆ. ಕಾರ್ಖಾನೆಗಳ ಕರೆಂಟಿನ ಬ್ರೇಕರ್ ಬಿಚ್ಚಿ, ತೊಳೆದು, ಸರಿಮಾಡಿ ಹೊಟ್ಟೆ ಹೊರೆಯುವವಳಿಗೆ ಎಣ್ಣೆ ಜಿಡ್ಡು, ಸಿಮೆಂಟಿನ ಧೂಳು, ಪ್ಯಾನೆಲ್ಲಿನೊಳಗೆ ಸತ್ತು ಒಣಗಿದ ಇಲಿ ಇವೆಲ್ಲ ಲೆಕ್ಕಕ್ಕೇ ಇಲ್ಲ. ಆದರೆ ಕೊಬ್ಬು ಕರಗಿಸುವ ಕಾರ್ಖಾನೆಯ ಹೇಸಿಗೆಯ ಜಾತಕವೇ ಬೇರೆ. ಅದು ಗೇಟಿನಲ್ಲೇ ಎದುರುಗೊಂಡು ಮುಖಕ್ಕೆ ಅಂಟಿಕೊಳ್ಳುತ್ತದೆ, ಗಂಟಲಿಗಿಳಿದು ಅಲ್ಲೇ ಠಿಕಾಣಿ ಹೂಡುತ್ತದೆ. ಬಾಗಿಲು ದಾಟುವಷ್ಟರಲ್ಲಿ ಬೆಳಗಿನ ಚಹಾ ಎರಡು ಸಲ ಬಾಯಿಗೆ ಬಂದು ಹೋಯಿತು.

'ನೀನು ಮಾತ್ರ ಇಲ್ಲಿಗೆ ಬರ್ಬೇಡ ನಾಜೂಕಮ್ಮ, ಈ ವಾಸನೆ ನಿನಗೆ ಆಗಲ್ಲ' ಎಂದು ಅಣ್ಣ ಮೊದಲೇ ಹೇಳಿದ್ದ. ಅದೂ ಒಂದು ಸಲವಲ್ಲ. ಹೇಳಿದ, ಬೇಡಿಕೊಂಡ, ಕೊನೆಗೆ ಸಿಡುಕಿಯೂ ಬಿಟ್ಟ. ಅವನು ಅದೇ ಕಾರ್ಖಾನೆಯಲ್ಲಿ ಡ್ರಮ್ಮಿನ ಕೆಲಸಕ್ಕಿದ್ದಾನೆ. ಉದ್ದಕ್ಕೆ ಬೆಳೆದು ಕತ್ತಿನ ಹತ್ತಿರ ಬಾಗಿರುವುದರಿಂದ ಅಲ್ಲಿ ಅವನಿಗೆ ಸೌಟು ಎಂದೇ ಹೆಸರು. ತಂಗಿಯ ಮೂಗಿನ ಮೇಲೆ ಇವನಿಗೆಷ್ಟು ಕಾಳಜಿ ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಡ್ರಮ್ ಎಂದರೆ ಒಂದು ಕೋಣೆಯಷ್ಟು ದೊಡ್ಡ, ಅಡ್ಡ ಮಲಗಿಸಿದ ಕಬ್ಬಿಣದ ಪೀಪಾಯಿ. ಕಸಾಯಿಖಾನೆಯಿಂದ ಬಂದ ಮೂಳೆ, ಕೊಬ್ಬು, ಕರುಳು, ತೊಗಲಿನ ಚೂರು ಎಲ್ಲವನ್ನೂ ಅದರೊಳಗೆ ಸುರಿಯುತ್ತಾರೆ. ಒಳಗೆ ಮೋಟಾರಿನ ಬಲದಿಂದ ಕಬ್ಬಿಣದ ರೆಕ್ಕೆಗಳು ತಿರುಗುತ್ತ ಕಲಕುತ್ತಿದ್ದರೆ ಅದು ಬೆಂದು ಹರಿಯುತ್ತದೆ. ಅರ್ಧ ಬೆಂದಾಗ ರೆಕ್ಕೆ ನಿಂತಿತೋ, ಎಲ್ಲವೂ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಆಮೇಲೆ ಮನುಷ್ಯ ಒಳಗಿಳಿದು ಸಲಿಕೆಯಿಂದ ಎತ್ತಿ ಹಾಕಬೇಕು. ಹಾಗೆ ಇಳಿಯುವ ಮನುಷ್ಯ ನನ್ನ ಅಣ್ಣ.

ಮ್ಯಾನೇಜರ್ ಪ್ಯಾನೆಲ್ ಕೋಣೆಯ ಬಾಗಿಲಲ್ಲೇ ಕಾದಿದ್ದ. ಮೂಗಿಗೆ ಸೆಂಟು ಹಾಕಿದ ಕರವಸ್ತ್ರ.

'ನಮ್ಮ ಬ್ರೇಕರ್ ಬಂಗಾರ ಮೇಡಂ. ಮೊದಲೆಲ್ಲ ವಾರವಾರ ಟ್ರಿಪ್ ಆಗೋದು, ಮಾಲೆಲ್ಲ ಹಾಳು. ಈಗ ಎಷ್ಟೋ ತಿಂಗಳಾಯ್ತು, ಒಂದೇ ಒಂದ್ಸಲಾನೂ ಬಿದ್ದಿಲ್ಲ. ವರ್ಷದ ಸರ್ವೀಸ್ ಅಂತ ಕರೆದಿದ್ದಷ್ಟೇ, ಸುಮ್ನೆ ಧೂಳು ಒರೆಸಿ ಕೊಟ್ಬಿಡಿ, ಸಾಕು. ಸ್ವಲ್ಪ ಬೇಗ, ಡ್ರಮ್ಮಲ್ಲಿ ಮಾಲು ಅರ್ಧ ಬೆಂದಿದೆ.'

'ಮಾಲು ಬೇಯಿಸ್ತಾ ಇಟ್ಕೊಂಡು ಬ್ರೇಕರ್ ಬಿಚ್ಚೋಕೆ ಕರೀತೀರಲ್ಲ, ನಿಮಗೇನು ಹೇಳ್ಬೇಕು?'

'ಅರ್ಧ ಗಂಟೆ ನಿಂತ್ರೆ ಏನೂ ಆಗಲ್ಲ ಬಿಡಿ' ಎಂದು ಅವನು ಕರವಸ್ತ್ರದೊಳಗಿನಿಂದಲೇ ನಕ್ಕ.

ಟ್ರಿಪ್ ಆಗದ ಬ್ರೇಕರನ್ನು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೋಟಾರು ಮಿತಿಮೀರಿ ಕರೆಂಟ್ ಎಳೆದಾಗ ತಾನಾಗಿ ಬಿದ್ದು ಲೈನ್ ಕಡಿಯುವುದಕ್ಕೇ ಅದನ್ನು ಇಟ್ಟಿರುವುದು. ಬೀಳುವುದೇ ಅದರ ಕೆಲಸ. ಡ್ರಮ್ಮಿಗೆ ಕುತ್ತಿಗೆಮಟ್ಟ ತುಂಬುವುದನ್ನು ಇವರು ಬಿಟ್ಟಿಲ್ಲ, ಬ್ರೇಕರ್ ಮಾತ್ರ ಇದ್ದಕ್ಕಿದ್ದಂತೆ ಬೀಳುವುದನ್ನು ಬಿಟ್ಟಿದೆ ಎಂದರೆ ಎಲ್ಲೋ ಏನೋ ಎಡವಟ್ಟಾಗಿದೆ. ಮೋಟಾರು ನಿಲ್ಲಿಸಿ, ಮೇಲಿನ ಮೇನ್ ಸ್ವಿಚ್ ತೆಗೆಸಿ, ಹ್ಯಾಂಡಲ್ ತಿರುಗಿಸುತ್ತ ಬ್ರೇಕರನ್ನು ಹಳಿಯ ಮೇಲೆ ಹೊರಗೆಳೆದೆ.

ಥೂ! ಗಾಳಿ ಬರಲಿ ಎಂದು ಯಾರೋ ಪುಣ್ಯಾತ್ಮರು ಡ್ರಮ್ಮಿನ ಕಡೆಯ ಬಾಗಿಲನ್ನು ಸದಾ ತೆರೆದಿಟ್ಟಿದ್ದರು. ಹಬೆಯ ಜೊತೆ ಬಂದ ಕೊಬ್ಬು ಬ್ರೇಕರಿನ ಮೈಮೇಲೆಲ್ಲ ಹಳದಿಯಾಗಿ ಕೂತಿತ್ತು. ಅದರೊಳಗೆ ಜಿರಳೆಗಳು ಸಿಕ್ಕಿಕೊಂಡು ಸತ್ತಿದ್ದವು, ಕೆಲವು ಇನ್ನೂ ಸತ್ತಿರಲಿಲ್ಲ. ಒಂದು ಹಲ್ಲಿ ಬೆಂದು ಚಪ್ಪಟೆಯಾಗಿತ್ತು. ಚಿಂದಿಯಿಂದ ಒರೆಸಿದರೆ ಬೆರಳ ಸಂದಿಯಲ್ಲಿ ಬಿಸಿ ಬಿಸಿಯಾಗಿ ಜಾರಿತು. ಎದ್ದು ಕಿಟಕಿಯ ಹತ್ತಿರ ಹೋಗಿ ಒಂದಷ್ಟು ಹೊತ್ತು ನಿಂತು ಬಂದೆ.

ಮುಂದಿನ ಮುಚ್ಚಳ ಬಿಚ್ಚಿದಾಗ ಕಂಡಿತು. ಬ್ರೇಕರ್ ಬೀಳಬೇಕಾದರೆ ಒಳಗೊಂದು ಸಣ್ಣ ಕಡ್ಡಿ ತಿರುಗಬೇಕು. ಆ ಕಡ್ಡಿಯನ್ನು ರಬ್ಬರಿನ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಗಂಟು ಹಾಕಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ ಕಟ್ಟಿದ್ದರು. ಕೈಯಿಂದ ಆಫ್ ಮಾಡಬಹುದು, ಆನ್ ಮಾಡಬಹುದು. ತಾನಾಗಿ ಬೀಳುವುದು ಮಾತ್ರ ಸಾಧ್ಯವಿಲ್ಲ.

'ಯಾವ ಬೇವರ್ಸಿ ಕಟ್ಟಿದ್ದು ಇದನ್ನ?' ಎಂದು ಕೂಗಿದೆ.

'ನಾನೇ.'

ಬಾಗಿಲಲ್ಲಿ ಅಣ್ಣ ನಿಂತಿದ್ದ. ಮೊಣಕಾಲಿನ ತನಕ ಬೂಟು, ರಬ್ಬರಿನ ಏಪ್ರನ್. ಹತ್ತಿರ ಬರಲಿಲ್ಲ. ನನ್ನ ಹತ್ತಿರ ಅವನು ಎಂದೂ ಬರುವುದಿಲ್ಲ, ನಾನು ಹಿಂದೆ ಸರಿಯುವುದು ಅವನಿಗೆ ಗೊತ್ತು.

'ತಲೆ ಕೆಟ್ಟಿದೆಯಾ ನಿನಗೆ? ಮೋಟಾರ್ ಸುಟ್ಟು ಬೆಂಕಿ ಹತ್ತಿದ್ರೆ? ಇಡೀ ಕಾರ್ಖಾನೆ ಕೊಬ್ಬಲ್ಲೇ ಮುಳುಗಿದೆ!'

'ಹತ್ತಲಿಲ್ವಲ್ಲ.'

'ಯಾಕೋ ಅಣ್ಣ? ಯಾಕೆ ಮಾಡ್ದೆ ಇಂಥಾ ಕೆಲಸಾನ?'

'ಯಾಕೆ ಅಂತ ಕೇಳ್ತೀಯಾ? ಅದು ಬಿದ್ದಾಗ ಒಳಗೆ ಇಳಿಯೋನು ಯಾರು? ನೀನಾ, ಆ ಕರವಸ್ತ್ರಾನಾ?' ಅವನ ದನಿ ಏರಲಿಲ್ಲ. 'ವಾರಕ್ಕೊಂದ್ಸಲ ಇಳೀತಿದ್ದೆ. ಮೂರು ಸಲ ಸೋಪು ಹಾಕಿದ್ರೂ ಹೋಗಲ್ಲ. ನಿಮ್ಮತ್ತಿಗೆ ನನ್ನ ಹಾಸಿಗೆ ಹೊರಗಿನ ಕೋಣೆಗೆ ಹಾಕಿದ್ಳು. ಮಗಳು ಸ್ಕೂಲ್ ಹತ್ರ ಬರ್ಬೇಡ ಅಪ್ಪ ಅಂದ್ಲು. ನೀನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸ್ತಿದ್ದೆ. ಕಟ್ಟಿದ ಮೇಲೆ ತಿಂಗಳಿಗೆ ಒಂದೇ ಸಲ, ತೊಳೆಯೋಕೆ ಮಾತ್ರ ಇಳಿಯೋದು. ಈಗ ಮಗಳು ಪಕ್ಕದಲ್ಲಿ ಕೂತು ಊಟ ಮಾಡ್ತಾಳೆ.'

ನಾನು ಮತ್ತೆ ಬ್ರೇಕರಿನ ಮುಂದೆ ಕೂತೆ. ರಬ್ಬರ್ ಪಟ್ಟಿ ಕತ್ತರಿಸಿ ಎಸೆದೆ. ಕಿಡಿ ನುಂಗುವ ಪೆಟ್ಟಿಗೆಗಳನ್ನು ಮೇಲಕ್ಕೆತ್ತಿ ತೆಗೆದೆ. ಅವುಗಳ ಕೆಳಗೆ ಒಂದಕ್ಕೊಂದು ತಾಗಿ ಕರೆಂಟು ದಾಟಿಸುವ ಮೂರು ಜೊತೆ ಕಾಂಟ್ಯಾಕ್ಟುಗಳಿರುತ್ತವೆ, ಕರೆಂಟಿನ ಮೂರು ದಾರಿಗೆ ಮೂರು. ಆಫ್ ಮಾಡಿದಾಗ ಮೂರೂ ಬಾಯಿ ಬಿಡಬೇಕು. ಆಫ್ ಮಾಡಿ ಮೀಟರ್ ಹಿಡಿದೆ. ಮೊದಲನೆಯದು ಸುಮ್ಮನಿತ್ತು, ಎರಡನೆಯದೂ ಸುಮ್ಮನಿತ್ತು. ಮೂರನೆಯದಕ್ಕೆ ಹಿಡಿದ ಕೂಡಲೇ ಮೀಟರ್ ಕೀಂ ಎಂದು ಕೂಗಿತು.

ಟಾರ್ಚ್ ಹಾಕಿ ನೋಡಿದೆ. ಬೀಳಲು ಬಿಡದೆ ದುಡಿಸಿ ದುಡಿಸಿ, ಆ ಒಂದು ಜೊತೆ ಕಾದು ಕರಗಿ ಒಂದಕ್ಕೊಂದು ಬೆಸೆದುಹೋಗಿತ್ತು. ಅದನ್ನು ಎಳೆಯಬೇಕಾದ ಕೊಂಡಿ ಮುರಿದು ನೇತಾಡುತ್ತಿತ್ತು. ಮುಂದೆ ಹಸಿರು ಅಕ್ಷರದಲ್ಲಿ ಆಫ್ ಎಂದು ತೋರಿಸುತ್ತಿದ್ದರೂ ಹಿಂದಿನಿಂದ ಒಂದು ದಾರಿಯಲ್ಲಿ ಕರೆಂಟು ಡ್ರಮ್ಮಿನ ಮೋಟಾರಿನವರೆಗೂ ಹರಿಯುತ್ತಲೇ ಇತ್ತು. ಆ ಕೇಬಲ್ಲಿನ ಹೊದಿಕೆ ಜಿಡ್ಡಿನಲ್ಲಿ ನೆನೆದು ಎಷ್ಟು ಮೆತ್ತಗಾಗಿದೆ ಎಂದು ಬರುವಾಗಲೇ ಕಂಡಿದ್ದೆ. ಎಲ್ಲಾದರೂ ಒಂದು ಕಡೆ ಸರಿಯಾಗಿ ತಾಗಿದರೆ ಮುಗಿಯಿತು, ಇಡೀ ಡ್ರಮ್ಮಿಗೇ ಕರೆಂಟು.

ಟಾರ್ಚ್ ಕೆಳಗಿಟ್ಟು ಅಣ್ಣನ ಕಡೆ ತಿರುಗಿದೆ.

'ಅಣ್ಣ, ತಿಂಗಳಿಗೊಂದ್ಸಲ ಇಳೀತೀನಿ ಅಂದ್ಯಲ್ಲ, ಇಳಿಯೋವಾಗ ಇದನ್ನ ಆಫ್ ಮಾಡ್ತೀಯಾ?'

'ಮಾಡ್ದೆ ಇರ್ತೀನಾ? ಆಫ್ ಮಾಡಿ, ಬೀಗ ಹಾಕಿಯೇ ಇಳಿಯೋದು.'

'ಅದು ಆಫ್ ಆಗ್ತಾ ಇರ್ಲಿಲ್ಲ. ಕೇಳಿಸ್ತಾ? ಬೀಗ ಹಾಕಿದ್ರೂ ಆಫ್ ಆಗಿರ್ಲಿಲ್ಲ. ನೀನು ಸಾವಿನ ಬಾಯೊಳಗೆ ಇಳಿದು ಎದ್ದು ಬಂದಿದ್ದೀಯ!'

ಅವನು ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ಗೋಡೆ ಹಿಡಿದು ಕುಸಿದು ಕೂರುತ್ತಾನೆ, ನಾನು ಅವನಿಗೆ ನೀರು ಕೊಡುತ್ತೇನೆ ಎಂದುಕೊಂಡಿದ್ದೆ. ಅವನು ಬೂಟಿನ ತುದಿ ನೋಡುತ್ತ ನಿಂತಿದ್ದ.

'ಗೊತ್ತಿತ್ತು' ಎಂದ.

'ಏನು ಗೊತ್ತಿತ್ತು?'

'ಹೋದ ಸಲ ಇಳಿದಾಗ ರೆಕ್ಕೆ ಮುಟ್ಟಿದ್ರೆ ಕೈ ಜುಮ್ ಅಂತು. ಅದರ ಹಿಂದಿನ ಸಲಾನೂ ಸ್ವಲ್ಪ ಅಂದಿತ್ತು. ಒಣಗಿದ ಗ್ಲೌಸ್ ಹಾಕ್ಕೊಂಡು ಮುಗಿಸ್ದೆ.'

'ಯಾರಿಗೂ ಹೇಳಲಿಲ್ವಾ? ಒಡಹುಟ್ಟಿದ ತಂಗಿಯೇ ಬ್ರೇಕರ್ ರಿಪೇರಿಯವಳು ಇದ್ದಾಳೆ, ನನಗೂ ಹೇಳಲಿಲ್ವಾ?'

'ಹೇಳಿದ್ರೆ ನೀನು ಸರಿ ಮಾಡ್ತಿದ್ದೆ.' ಈಗ ಅವನು ನನ್ನ ಮುಖ ನೋಡಿದ. 'ಸರಿ ಮಾಡಿದ್ರೆ ಮತ್ತೆ ವಾರವಾರ ಬೀಳೋದು. ಮತ್ತೆ ವಾರವಾರ ಇಳಿಯೋದು. ಸತ್ರೆ ಒಂದ್ಸಲ ಸಾಯ್ತೀನಿ ಪುಟ್ಟಿ. ಇದು ಹಾಗಲ್ಲ.'

ನನಗೆ ಬಂದದ್ದು ಅಳುವಲ್ಲ, ವಾಕರಿಕೆ. ಅವನ ಮೇಲೆ, ಆ ಡ್ರಮ್ಮಿನ ಮೇಲೆ, ಬಾಗಿಲಲ್ಲೇ ಮಾತಾಡಿಸಿ ಕಳಿಸಿದ ನನ್ನ ಮೇಲೆ, ಎಲ್ಲದರ ಮೇಲೂ ಒಟ್ಟಿಗೇ ಅಸಹ್ಯವಾಯಿತು. ಸಾವಿಗಿಂತ ಮೈಯ ವಾಸನೆಗೆ ಹೆದರುವ ಹಾಗೆ ನನ್ನ ಅಣ್ಣನನ್ನು ಎಲ್ಲರೂ ಸೇರಿ ಮಾಡಿಟ್ಟಿದ್ದೆವು.

ಅಷ್ಟರಲ್ಲಿ ಕರವಸ್ತ್ರ ಬಂತು. ಅರ್ಧ ಗಂಟೆ ಎಂದೋ ಮುಗಿದಿತ್ತು.

'ಏನ್ ಮೇಡಂ, ಆಯ್ತಾ? ಮಾಲು ಗಟ್ಟಿ ಆಗ್ತಿದೆ.'

'ಕಾಂಟ್ಯಾಕ್ಟ್ ಬೆಸೆದುಹೋಗಿದೆ, ಕೊಂಡಿ ಮುರಿದಿದೆ. ಹೊಸದು ತರಿಸ್ಬೇಕು. ಅಲ್ಲೀವರೆಗೆ ಡ್ರಮ್ ಓಡಿಸೋ ಹಾಗಿಲ್ಲ.'

'ಅಯ್ಯೋ, ಇಷ್ಟು ದಿನ ಓಡಿಲ್ವಾ? ಹಾಗೇ ಒಳಗೆ ತಳ್ಳಿ. ಆ ರಬ್ಬರ್ ಇತ್ತಲ್ಲ, ಅದನ್ನೇ ಇನ್ನೊಂದ್ಸಲ ಕಟ್ಬಿಡಿ.'

ಅಣ್ಣ ನಿಧಾನವಾಗಿ ತಲೆಯೆತ್ತಿದ. ಕಟ್ಟಿದ್ದು ತನ್ನೊಬ್ಬನ ಗುಟ್ಟು ಎಂದುಕೊಂಡಿದ್ದ ಪಾಪದವನು.

'ನಿಮಗೂ ಗೊತ್ತಿತ್ತಾ?' ಎಂದೆ.

'ಗೊತ್ತಿರೋದೇನು, ಹುಡುಗರು ಏನೋ ಹೊಂದಿಸ್ಕೊಂಡಿದ್ರು, ನಾನು ನೋಡಿಯೂ ನೋಡದ ಹಾಗಿದ್ದೆ. ಎಲ್ಲರಿಗೂ ಅನುಕೂಲ ಅಲ್ವಾ?'

'ಥೂ ನಿಮ್ಮ ಅನುಕೂಲಕ್ಕೆ! ಆ ಕರವಸ್ತ್ರ ಮೂಗಿಗಲ್ಲ, ಕಣ್ಣಿಗೆ ಕಟ್ಕೊಂಡಿದ್ದೀರಿ' ಎಂದು ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಮೂರು ಜೊತೆ ಕಾಂಟ್ಯಾಕ್ಟನ್ನೂ ಬಿಚ್ಚಿ ನನ್ನ ಚೀಲಕ್ಕೆ ಹಾಕಿ ಜಿಪ್ ಎಳೆದೆ. ಅವಿಲ್ಲದೆ ಆ ಬ್ರೇಕರ್ ಬರೀ ಕಬ್ಬಿಣದ ಮುದ್ದೆ, ಅದನ್ನು ಯಾರೂ ಒಳಗೆ ತಳ್ಳಿ ಓಡಿಸಲಾರರು. ಮೇಲಿನವರಿಗೆ ದೂರು ಕೊಡುತ್ತೇನೆ, ಹಾಗೆ, ಹೀಗೆ ಎಂದು ಅವನು ಬಡಬಡಿಸುತ್ತ ಹೋದ.

ಅಣ್ಣ ಸಲಿಕೆ ಎತ್ತಿಕೊಂಡ. 'ಸರಿ ಬಿಡು. ಕಲ್ಲಾಗೋದ್ರೊಳಗೆ ಎತ್ತಬೇಕು' ಎಂದ. ಆ ಬೆನ್ನು ನೋಡಿದೆ. ಹೊಸ ಕಾಂಟ್ಯಾಕ್ಟ್ ಹಾಕಿ, ಸೆಟ್ಟಿಂಗ್ ಸರಿಮಾಡಿ ನಾನು ಹೊರಟುಹೋಗುತ್ತೇನೆ. ಮೊದಲ ಸಲ ಅದು ಬಿದ್ದ ಮರುದಿನ ಇವನು ಮತ್ತೆ ಕಟ್ಟುತ್ತಾನೆ. ಸೀಲ್ ಹಾಕಿದರೆ ಒಡೆಯುತ್ತಾನೆ, ಬೀಗ ಹಾಕಿದರೆ ಕೊಯ್ಯುತ್ತಾನೆ. ಯಾವ ಮೀಟರಿಗೂ ಸಿಗದ ಈ ದೋಷವನ್ನು ನಾನು ರಿಪೇರಿ ಮಾಡುವುದು ಹೇಗೆ?

'ಇನ್ನೊಂದು ಜೊತೆ ಬೂಟ್ ಇದೆಯಾ?' ಎಂದು ಕೇಳಿದೆ.

'ಯಾರಿಗೆ?'

'ನಿಮ್ಮಜ್ಜಿಗೆ. ಕೊಡೋ ಸುಮ್ನೆ.'

ಅವನು ಬೇಡವೆಂದ, ಬೈದ, ದಾರಿಗಡ್ಡ ನಿಂತ. ನಾನು ಕೇಳುವವಳಲ್ಲ. ಗಾಳಿಗೆ ಬ್ಲೋವರ್ ಹಚ್ಚಿ, ಮಾಲು ಇಳಿಯುವಷ್ಟು ಆರಿದ ಮೇಲೆ ಡ್ರಮ್ಮಿನ ಕಿಂಡಿಯಿಂದ ಅವನ ಹಿಂದೆಯೇ ಇಳಿದೆ.

ಒಳಗೆ ಹೇಗಿತ್ತು ಎಂದು ಹೇಳಲು ನನಗೆ ಈಗಲೂ ಇಷ್ಟವಿಲ್ಲ. ಮೊಣಕಾಲುಮಟ್ಟ ಬೆಚ್ಚಗೆ, ಮೆತ್ತಗೆ, ಕಾಲಿಟ್ಟಲ್ಲಿ ಏನೋ ಜಾರಿ ಹೊರಳುತ್ತಿತ್ತು. ಸಲಿಕೆ ಹಾಕಿದರೆ ಒಳಗಿಂದ ಲೊಚಕ್ಕೆಂದು ಸದ್ದು. ಗೋಡೆಯಿಂದ ಹನಿ ಹನಿಯಾಗಿ ಬೆನ್ನ ಮೇಲೆ ಬಿದ್ದು ಅಲ್ಲೇ ಗಟ್ಟಿಯಾಗುತ್ತಿತ್ತು. ಕೂದಲಿದ್ದ ತೊಗಲಿನ ತುಂಡೊಂದು ಬೂಟಿಗೆ ಸುತ್ತಿಕೊಂಡಿತು. ನಾಲ್ಕು ಸಲಿಕೆ ಎತ್ತುವಷ್ಟರಲ್ಲಿ ವಾಂತಿಯಾಯಿತು.

'ಬಾಯಲ್ಲಿ ಉಸಿರಾಡ್ಬೇಡ, ನಾಲಿಗೆ ಮೇಲೆ ಕೂರುತ್ತೆ. ಮೂಗಲ್ಲೇ ಎಳಿ, ಸ್ವಲ್ಪ ಹೊತ್ತಿಗೆ ಮೂಗು ಸತ್ತೋಗುತ್ತೆ' ಎಂದ ಅಣ್ಣ, ತಿರುಗಿ ನೋಡದೆಯೇ. 'ಅದನ್ನೂ ಎತ್ತಿ ಬಕೆಟ್‌ಗೆ ಹಾಕು. ನಾನೂ ಮೊದಮೊದಲು ಹಾಗೇ ಮಾಡ್ತಿದ್ದೆ.'

ಎತ್ತಿದೆ. ಇನ್ನೊಂದು ಸಲಿಕೆ ಎತ್ತಿದೆ. ವಾರವಾರ ಇದು. ವರ್ಷಗಟ್ಟಲೆ ಇದು. ಇದು ಮುಗಿಸಿ ಮನೆಗೆ ಹೋದರೆ ಬಾಗಿಲಲ್ಲೇ ನಿಲ್ಲಿಸುವ ತಂಗಿ. ಆ ರಬ್ಬರ್ ಪಟ್ಟಿ ಈಗ ಕೈಯಲ್ಲಿದ್ದಿದ್ದರೆ ನಾನೇನು ಮಾಡುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು.

'ಅಣ್ಣ' ಎಂದೆ. 'ನಾನಾಗಿದ್ರೂ ಕಟ್ತಿದ್ದೆ.'

ಅವನ ಸಲಿಕೆ ನಿಂತಿತು.

'ಮತ್ತೆ?' ಎಂದ. 'ಹಾಗಾದ್ರೆ ಕಟ್ಟಲಾ?'

'ಬೇಡ. ಬೀಳಲಿ ಅದು. ಬಿದ್ದಾಗೆಲ್ಲ ಫೋನ್ ಮಾಡು, ಬಂದು ಜೊತೆಗೆ ಎತ್ತುತ್ತೀನಿ. ಎತ್ತಿ ಹಾಗೇ ನಮ್ಮನೆಗೆ ಬಾ, ಒಳಗೆ ಬಂದು ಕೂತ್ಕೋ.' ಸಲಿಕೆಯನ್ನು ಗೋಡೆಗೊರಗಿಸಿದೆ. 'ನೀನು ಗಬ್ಬು ನಾರ್ತಾ ಬಂದ್ರೆ ನಾನು ಮೂಗು ಮುಚ್ಕೋಬಹುದು ಅಣ್ಣ. ಹೆಣ ಆಗಿ ಬಂದ್ರೆ ಏನು ಮುಚ್ಕೊಳ್ಳಲಿ?'

ಅವನು ನನ್ನ ಕಡೆ ತಿರುಗಿದ. ಮುಖದ ತುಂಬ ಕೊಬ್ಬು ಮೆತ್ತಿತ್ತು. ಅದರ ಮೇಲೆ ಕಣ್ಣಿನ ನೀರು ಇಳಿಯಲು ದಾರಿ ಸಿಗದೆ ಅಲ್ಲಲ್ಲೇ ಗುಳ್ಳೆಯಾಗಿ ನಿಂತಿತ್ತು. ತೋಳಿನಿಂದ ಒರೆಸಿಕೊಳ್ಳಲು ಹೋದ, ತೋಳಿನಲ್ಲೂ ಅದೇ. ನಾನು ಹತ್ತಿರ ಹೋಗಿ ನನ್ನ ಬರಿಗೈಯಿಂದ ಅವನ ಕಣ್ಣ ಕೆಳಗೆ ಒರೆಸಿದೆ. ನನ್ನ ಕೈಯೂ ಅವನ ಮುಖದಷ್ಟೇ ಹೊಲಸಾಗಿತ್ತು.

'ಕಟ್ಟಲ್ಲ ಹೋಗೇ' ಎಂದ ಅಣ್ಣ, ಮೂಗು ಸೇದುತ್ತ. 'ಬಕೆಟ್ ಹಿಡಿ.'