ಬಿಳಿ ಕೋಟಿನ ಕೆಲಸಗಾರರು

ಬೀದಿಯವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ಹಿರಿಯನಾದ ಪೇಪರಿನವನೂ ಹಾಗೇ ಕರೆಯುತ್ತಿದ್ದ. ಅವಳೂ ತಿದ್ದುವ ಗೋಜಿಗೆ ಹೋಗಿರಲಿಲ್ಲ. ಮನೆಯ ಮುಂಭಾಗದ ಉದ್ದನೆಯ ಕೋಣೆಯೇ ಅವಳ ವರ್ಕ್‌ಶಾಪು. ನಲ್ಲಿ, ಕುಕ್ಕರು, ಪಂಪು ಎಲ್ಲೆಲ್ಲಿ ಸೋರುತ್ತವೋ ಅಲ್ಲಿಗೆಲ್ಲ ಬೇಕಾಗುವ ರಬ್ಬರ್ ಉಂಗುರಗಳು ಅಲ್ಲಿ ತಯಾರಾಗುತ್ತಿದ್ದವು. ಅಚ್ಚು ಒತ್ತುವ ಯಂತ್ರ ಅವಳ ಕೈಯಲ್ಲಿ. ಅಂಚಿನ ಹೆಚ್ಚುವರಿ ರಬ್ಬರು ಕತ್ತರಿಸಿ ನಯ ಮಾಡುವುದು ಅತ್ತೆಯ ಪಾಲು. ಸರಕು ತಲುಪಿಸುವುದು, ಗಿರಾಕಿಗಳನ್ನು ಮಾತಿನಲ್ಲಿ ಮರುಳು ಮಾಡುವುದು ಮೈದುನನ ಪಾಲು. ಗಂಡ ಹಡಗೊಂದರಲ್ಲಿ ಅಡುಗೆಯವನಾಗಿದ್ದು, ಮನೆಗೆ ಬಂದಾಗ ಮಾತ್ರ ಅಡುಗೆ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಆ ವರ್ಷ ದೂರದ ಬಂದರುಗಳಲ್ಲಿ ಸರಕು ಸಿಕ್ಕಿಹಾಕಿಕೊಂಡು, ಆಸ್ಪತ್ರೆಗಳಿಗೆ ಉಸಿರಾಟದ ಯಂತ್ರ ತಯಾರಿಸುವ ಕಾರ್ಖಾನೆಗಳು ಕೈಕಟ್ಟಿ ಕೂತವು. ಯಂತ್ರದ ಉಳಿದ ಭಾಗಗಳೆಲ್ಲ ಸಿದ್ಧವಿದ್ದವು, ಬೆರಳಿನುಂಗುರದಷ್ಟಗಲದ ರಬ್ಬರ್ ಉಂಗುರವೊಂದೇ ಇರಲಿಲ್ಲ. ಇಂಥ ಅಗತ್ಯ ಬಿಡಿಭಾಗಗಳನ್ನು ಇಲ್ಲಿನ ಸಣ್ಣ ವರ್ಕ್‌ಶಾಪುಗಳೇ ಮಾಡಲಿ, ಅದಕ್ಕೆ ಬೇಕಾದ ಯಂತ್ರ ಕೊಳ್ಳಲು ನಾವು ನೆರವು ಕೊಡುತ್ತೇವೆ ಎಂದು ಸರ್ಕಾರ ಸಾರಿತು. ಅತ್ತಿಗೆ ಅರ್ಜಿ ಹಾಕಿದಳು. ವರ್ಕ್‌ಶಾಪು ನೋಡಲು ಅಧಿಕಾರಿಯೊಬ್ಬರು ಬರುತ್ತಾರೆಂದು ಫೋನೂ ಬಂತು.

"ಅತ್ತಿಗೆ, ಬಾಗಿಲು ತೆಗೆದ ಕೂಡ್ಲೇ ಅವ್ರಿಗೆ ಏನ್ ಕಾಣುತ್ತೆ ಹೇಳಿ?" ಎಂದ ಮೈದುನ. "ನೀವು, ನಾನು, ಮೂಗಿನ ತುದೀಲಿ ಕನ್ನಡಕ ಇಟ್ಕೊಂಡಿರೋ ಅಮ್ಮ. ಇದನ್ನ ನೋಡಿ ಯಾರಾದ್ರೂ ಆಸ್ಪತ್ರೆ ಕೆಲಸ ಕೊಡ್ತಾರಾ?"

"ಇರೋದೇ ಇಷ್ಟು. ಮತ್ತೇನ್ ತೋರಿಸೋಕಾಗುತ್ತೆ?"

"ಅದನ್ನ ನನಗೆ ಬಿಡಿ."

ಬಿಡಬಾರದಿತ್ತು, ಬಿಟ್ಟಳು. ನಿಜ ಹೇಳಬೇಕೆಂದರೆ ಅವಳಿಗೂ ಒಳಗೊಳಗೇ ಪುಕಪುಕ. ಸುಣ್ಣ ಉದುರಿದ ಗೋಡೆ, ಅತ್ತೆಯ ಮೊಣಕಾಲಿಗೆ ಹಚ್ಚುವ ಎಣ್ಣೆಯ ಶೀಸೆ, ಒತ್ತಿದಾಗಲೆಲ್ಲ ಮುದುಕನಂತೆ ಕೆಮ್ಮುವ ಯಂತ್ರ, ಇವನ್ನು ಪರರ ಕಣ್ಣಿನಿಂದ ನೋಡಿದಾಗಲೆಲ್ಲ ಮುಖ ಸಣ್ಣಗಾಗುತ್ತಿತ್ತು.

ಅಧಿಕಾರಿ ಬರುವ ಬೆಳಿಗ್ಗೆ ನೋಡಿದರೆ ವರ್ಕ್‌ಶಾಪಿನ ತುಂಬ ಬಿಳಿ ಕೋಟುಗಳು! ಟೈಲರ್, ಫೋಟೋ ಸ್ಟುಡಿಯೋದವನು, ಪೇಪರಿನವನು, ಅವನ ಇಬ್ಬರು ಭಾವಮೈದುನರು, ಎದುರು ಮನೆಯ ರಿಟೈರ್ಡ್ ಡ್ರಿಲ್ ಮೇಷ್ಟ್ರು, ಅವರ ಹೆಂಡತಿ. ಕೋಟುಗಳನ್ನು ಕೊಟ್ಟವಳು ಲಾಂಡ್ರಿಯವಳು. ಇಸ್ತ್ರಿಗೆ ಬಂದಿದ್ದ ಹಲ್ಲಿನ ಡಾಕ್ಟರುಗಳ ಕೋಟುಗಳವು. ಸ್ವಂತ ಕೋಟು ತಂದಿದ್ದವನು ಸಲೂನಿನವನೊಬ್ಬನೇ. ಆ ಗತ್ತಿನಲ್ಲೇ ಅವನು ತನ್ನನ್ನು ಗುಣಮಟ್ಟದ ಮ್ಯಾನೇಜರ್ ಎಂದು ಘೋಷಿಸಿಕೊಂಡಿದ್ದ.

"ಏನಿದು ನಾಟಕ ಕಂಪನಿ?" ಎಂದರು ಅತ್ತೆ.

"ಅಮ್ಮಾ, ನೀನು ಸುಮ್ನೆ ಕತ್ತರಿಸ್ತಿರು," ಎಂದ ಮಗ.

ಅತ್ತಿಗೆ ಎಲ್ಲರನ್ನೂ ಹೊರಗಟ್ಟಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತಿತು.

ಅಧಿಕಾರಿ ಗಿಡ್ಡನೆಯ ಹೆಂಗಸು. ಹೆಗಲಿಗೆ ದಪ್ಪ ಚೀಲ, ನಡಿಗೆಯಲ್ಲಿ ಅವಸರವಿಲ್ಲ. ಕೋಣೆಯನ್ನೊಮ್ಮೆ ನೋಡಿದರು, ಬಿಳಿ ಕೋಟುಗಳ ನಡುವೆ ಹಾದರು, ಟೈಲರನ ಜೇಬಿನ ಮೇಲೆ ನೀಲಿ ದಾರದಲ್ಲಿ ಹೊಲಿದಿದ್ದ ಅಕ್ಷರಗಳ ಮುಂದೆ ನಿಂತರು.

"ದಂತ ಚಿಕಿತ್ಸಾಲಯ?"

ಟೈಲರ್ ಮೈದುನನ ಮುಖ ನೋಡಿದ.

"ಪಾರ್ಟ್ ಟೈಮ್ ಮೇಡಂ," ಎಂದ ಮೈದುನ. "ಬೆಳಿಗ್ಗೆ ಹಲ್ಲು, ಆಮೇಲೆ ರಬ್ಬರು."

ಅಧಿಕಾರಿ ಸಲೂನಿನವನ ಕಡೆ ತಿರುಗಿದರು. "ನೀವೇನ್ ನೋಡ್ಕೊಳ್ತೀರಿ?"

"ಗುಣಮಟ್ಟ," ಎಂದ ಅವನು. ಉಂಗುರವೊಂದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಸೈಡಲ್ಲಿ ಸ್ವಲ್ಪ ತೆಗೀಬೇಕು, ಹಿಂದ್ಗಡೆ ಸರಿಯಾಗಿದೆ," ಎಂದ.

ಅತ್ತಿಗೆಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ಆದರೆ ಅಧಿಕಾರಿ ತಲೆಗಳನ್ನು ಎಣಿಸುತ್ತಿದ್ದರು. ಎಣಿಸಿ ಮುಗಿದ ಮೇಲೆ ಅವರ ಮುಖದಲ್ಲಿ ನಿಜವಾದ ಬೇಸರ ಕಂಡಿತು.

"ಛೇ, ಹನ್ನೊಂದು ಜನ! ಈ ನೆರವು ಇರೋದು ಹತ್ತು ಜನಕ್ಕಿಂತ ಕಡಿಮೆ ಇರೋ ವರ್ಕ್‌ಶಾಪಿಗೆ ಅಮ್ಮಾ. ಅರ್ಜೀಲಿ ಮೂರು ಜನ ಅಂತಿತ್ತು, ಅದಕ್ಕೇ ಇಷ್ಟು ದೂರ ಬಂದೆ. ನೀವು ನೋಡಿದ್ರೆ ದೊಡ್ಡವರಾಗ್ಬಿಟ್ಟಿದೀರಿ."

ಮೈದುನನ ಮೆದುಳು ಗರಗರ ತಿರುಗಿತು. "ಅಯ್ಯೋ ಮೇಡಂ, ಇವ್ರಲ್ಲಿ ಸುಮಾರು ಜನಕ್ಕೆ ಇವತ್ತೇ ಕೊನೇ ದಿನ! ಟೈಲ... ಅಲ್ಲ, ಡಾಕ್ಟ್ರೇ, ನೀವು ರಾಜೀನಾಮೆ ಕೊಟ್ಟಿದ್ರಲ್ಲ?"

"ಕೊಟ್ಟೆ, ಕೊಟ್ಟೆ," ಎಂದ ಟೈಲರ್. ಕೋಟು ಬಿಚ್ಚಿ ಕುರ್ಚಿಗೆ ಎಸೆದು, ಬಾಗಿಲು ದಾಟಿ ಮಾಯವಾದ. ಡ್ರಿಲ್ ಮೇಷ್ಟ್ರೂ ಅವರ ಹೆಂಡತಿಯೂ ಒಟ್ಟಿಗೇ ನಿವೃತ್ತರಾದರು. ಪೇಪರಿನವನ ಭಾವಮೈದುನರು ಹೇಳದೆ ಕೇಳದೆ ಜಾಗ ಖಾಲಿ ಮಾಡಿದರು. ಸಲೂನಿನವನು ಮಾತ್ರ ಕದಲಲಿಲ್ಲ.

"ನಾನ್ಯಾಕೆ ಹೋಗ್ಲಿ?" ಎಂದ. "ಗುಣಮಟ್ಟ ಇಲ್ದೆ ಕಾರ್ಖಾನೆ ಹೇಗ್ ನಡಿಯುತ್ತೆ? ಮೇಡಂ, ನೀವೇ ಹೇಳಿ."

ಆ ಗಳಿಗೆಯಲ್ಲೇ ಬಾಗಿಲಲ್ಲಿ ಒಬ್ಬ ದಢೂತಿ ಮನುಷ್ಯ ಬಂದು ನಿಂತ. ಕೊರಳಿಗೆ ಟವೆಲ್ಲು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಒಣಗುತ್ತಿರುವ ನೊರೆ.

"ಐದು ನಿಮಿಷ ಅಂತ ಹೇಳಿ ಇಲ್ಲಿ ಬಂದು ಡಾಕ್ಟ್ರಾಗಿದೀಯಾ? ಉಳಿದರ್ಧ ಗಡ್ಡ ನಿಮ್ಮಪ್ಪ ಬಂದು ಬೋಳಿಸ್ತಾನಾ?"

ಅತ್ತಿಗೆಗೆ ಅಳು ಬರಬೇಕಿತ್ತು. ಬಂದದ್ದು ನಗು. ತಡೆಯಲು ಸೆರಗು ಬಾಯಿಗೆ ತುರುಕಿದಳು; ನಗು ಮೂಗಿನಿಂದ ಬಂತು. ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳತೊಡಗಿದರು. ಗುಣಮಟ್ಟದ ಮ್ಯಾನೇಜರನ್ನು ಗಿರಾಕಿ ಕಾಲರ್ ಹಿಡಿದು ಎಳೆದೊಯ್ದ. ಉಳಿದಿದ್ದ ಪೇಪರಿನವನೂ ಸ್ಟುಡಿಯೋದವನೂ ಅವರ ಬೆನ್ನ ಹಿಂದೆಯೇ ನುಸುಳಿದರು.

ನಗು ಇಳಿದ ಮೇಲೆ ಅತ್ತಿಗೆ ಅಧಿಕಾರಿಯ ಎದುರು ನಿಂತಳು. "ಮೂರೇ ಜನ ಮೇಡಂ. ನಾನು, ಅತ್ತೆ, ಇವನು. ಇವನನ್ನ ಬೇಕಾದ್ರೆ ಅರ್ಧ ಅಂತ ಬರ್ಕೊಳ್ಳಿ. ಚಿಕ್ಕದಾಗಿ ಕಾಣ್ತೀವೇನೋ ಅಂತ ನಾಚಿಕೆ ಆಯ್ತು, ಅದಕ್ಕೇ ಸುಮ್ನಿದ್ದೆ. ತಪ್ಪು ನಂದೇ."

"ನಗೋಕೇನೋ ಚೆನ್ನಾಗಿತ್ತು," ಎಂದರು ಅಧಿಕಾರಿ. ಅವರು ನಗುತ್ತಿರಲಿಲ್ಲ. "ಆದ್ರೆ ಈ ಉಂಗುರ ಯಾರದೋ ಉಸಿರಿನ ದಾರೀಲಿ ಕೂರುತ್ತೆ. ಇದ್ರಲ್ಲಿ ಸುಳ್ಳು ಸೇರಿದ್ರೆ ಗಾಳಿ ಸೋರುತ್ತೆ. ಈಗ ಒತ್ತಿ ತೋರಿಸಿ."

ಅತ್ತಿಗೆ ಒತ್ತಿದಳು. ಯಂತ್ರ ಎಂದಿಗಿಂತ ಜೋರಾಗಿ ಕೆಮ್ಮಿತು. ಅಧಿಕಾರಿ ಚೀಲದಿಂದ ಗಾಳಿಯೊತ್ತಡದ ಪುಟ್ಟ ಮಾಪಕ ತೆಗೆದು ಪರೀಕ್ಷಿಸಿದರು. ಕೆಲವು ಉಂಗುರಗಳು ಗಾಳಿ ಹಿಡಿದು ನಿಂತವು, ಕೆಲವು ಪುಸ್ಸೆಂದವು.

"ಈ ಯಂತ್ರಕ್ಕೆ ಬಿಸಿ ಒಂದೇ ಸಮ ನಿಲ್ಲಲ್ಲ," ಎಂದಳು ಅತ್ತಿಗೆ. "ನಲ್ಲಿಗೆ ಸಾಕು, ಆಸ್ಪತ್ರೆಗೆ ಸಾಲ್ದು. ಅದಕ್ಕೇ ಹೊಸದಕ್ಕೆ ಕೇಳಿದ್ದು."

"ಇದನ್ನೇ ಮೊದ್ಲು ಹೇಳ್ಬೇಕಿತ್ತು," ಎಂದು ಅಧಿಕಾರಿ ಸ್ಕೂಟರ್ ಹತ್ತಿ ಹೋದರು.

ಆಮೇಲೆ ಎಷ್ಟೋ ದಿನ ಅತ್ತಿಗೆ ಮೈದುನನ ಜೊತೆ ಮಾತು ಬಿಟ್ಟಳು. ಅವನೂ ಬಾಲ ಮುದುರಿಕೊಂಡು ಓಡಾಡಿದ. ಕೊನೆಗೆ ನೆರವು ಮಂಜೂರಾದ ಸುದ್ದಿ ಬಂತು, ಒಂದು ಷರತ್ತಿನೊಡನೆ. ಪರೀಕ್ಷೆಯ ದಿನ ಅತಿ ಹೆಚ್ಚು ಮಾತಾಡಿದ ವ್ಯಕ್ತಿಯು ಸರ್ಕಾರಿ ಕೇಂದ್ರದಲ್ಲಿ ತರಬೇತಿ ಪಡೆದು, ಇನ್ನು ಮುಂದೆ ಪ್ರತಿ ಪೆಟ್ಟಿಗೆಯ ಗುಣಮಟ್ಟಕ್ಕೆ ತಾನೇ ಜವಾಬ್ದಾರನಾಗಿ ಸಹಿ ಮಾಡತಕ್ಕದ್ದು.

"ಇದು ಶಿಕ್ಷೆ!" ಎಂದು ಕೂಗಿದ ಮೈದುನ.

"ಹೌದು," ಎಂದರು ಅವನ ತಾಯಿ, ಬಲು ಸಂತೋಷದಿಂದ.

ತರಬೇತಿಗೆ ಗೊಣಗುತ್ತ ಹೋದವನು ಬೇರೆ ಮನುಷ್ಯನಾಗಿ ಹಿಂದಿರುಗಿದ. ಹೊಸ ಯಂತ್ರ ಬಂದಿಳಿದ ವಾರವೇ ಅತ್ತಿಗೆ ಒತ್ತಿದ ಉಂಗುರಗಳ ಇಡೀ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

"ಇದು ಹೋಗಲ್ಲ ಅತ್ತಿಗೆ."

"ಏನಂದೆ? ನನಗೇ ಹೇಳ್ಕೊಡ್ತೀಯಾ? ಸುಳ್ಳು ಹೇಳೋದು ಬಿಟ್ಟು ನಿನಗೆ ಮತ್ತೇನ್ ಗೊತ್ತಿತ್ತೋ?"

"ಅದಕ್ಕೇ ಸುಳ್ಳು ಕಂಡ್ರೆ ಬೇಗ ಗೊತ್ತಾಗುತ್ತೆ. ಕೈಯಿಟ್ಟು ನೋಡಿ."

ಅವನ ತಲೆಗೆ ತಟ್ಟೆಯಿಂದಲೇ ಒಂದು ಕೊಡಬೇಕೆಂದುಕೊಂಡಳು. ಆದರೂ ಉಂಗುರವೊಂದರ ಒಳಗೆ ಬೆರಳಾಡಿಸಿದಳು. ಒಂದು ಕಡೆ ಕೂದಲೆಳೆಯಷ್ಟು ತಗ್ಗು. ಸಿಟ್ಟು ಇನ್ನೂ ಹೆಚ್ಚಾಯಿತು; ಅವನು ಹೇಳಿದ್ದು ಸರಿಯಾಗಿತ್ತಲ್ಲ!

ಅಚ್ಚು ಒರೆಸಿ, ಮೊದಲಿನಿಂದ ಒತ್ತಲು ಕೂತಳು. ಮರುದಿನ ತನ್ನ ಸಹಿಯಿದ್ದ ಮೊದಲ ಪೆಟ್ಟಿಗೆ ವ್ಯಾನು ಹತ್ತಿ ಹೋಗುವಾಗ ಮೈದುನ ಅದರ ಹಿಂದೆ ಬೀದಿಯ ತಿರುವಿನವರೆಗೂ ನಡೆದುಹೋದ.